ನೋಟದ ಹಂಗಿನಲ್ಲಿ ರೋಮ್

ಬೆಳಕು ಇನ್ನೂ ಸರಿಯಾಗಿ ಹರಿದಿರುವುದಿಲ್ಲ. ಹಗಲಿನಲ್ಲಿ ನಗರದೊಳಗೆ ಓಡಾಡಕೂಡದೆಂಬ ಕಟ್ಟಳೆಗೆ ಒಳಗಾಗಿ ಇರುಳೆಲ್ಲ ಸರಕು ಸಾಗಿಸಿದ ಬಂಡಿಗಳು ಊರ ಹೊರಕ್ಕೆ ಉರುಳುತ್ತಿರುವಾಗಲೇ, ರೋಮಿನ ಇಕ್ಕಟ್ಟಾದ ಬೀದಿಗಳಲ್ಲಿ, ಉಣ್ಣೆಯ ಬಿಳಿಯ ಟೋಗಾವನ್ನು ಮೈಗೆ ಸುತ್ತಿಕೊಂಡು, ಅದರ ನೆರಿಗೆಗಳು ಜಾರದಂತೆ ಎಡಗೈಯಲ್ಲಿ ಸಂಭಾಳಿಸುತ್ತ, ಜನರು ಒಬ್ಬೊಬ್ಬರಾಗಿ ಇಬ್ಬಿಬ್ಬರಾಗಿ ಸಿರಿವಂತರ ಮನೆಗಳ ಕಡೆಗೆ ಹೆಜ್ಜೆ ಹಾಕುತ್ತಾರೆ. ಅವರಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಆಶ್ರಯದಾತನುಂಟು. ಮುಂಜಾನೆ ಆತನ ಮನೆಗೆ ಹೋಗಿ ವಂದನೆ ಸಲ್ಲಿಸಿ ಬರುವುದು ಆಶ್ರಿತನ ನಿತ್ಯವಿಧಿ.

ಬಾಗಿಲು ತೆರೆಯುತ್ತದೆ. ಹೊಸ್ತಿಲಿನಲ್ಲಿ ನಿಂತವನ ದೃಷ್ಟಿ ಕಿರಿದಾದ ಓಣಿಯಂಥ ಪ್ರವೇಶವನ್ನು ದಾಟಿ, ಮಳೆನೀರಿನ ಕೊಳವುಳ್ಳ ವಿಶಾಲವಾದ ತೊಟ್ಟಿಯನ್ನು ಹಾದು, ಅದರಾಚೆಯ ತೆರೆದ ಕೋಣೆಯಲ್ಲಿ ಆಸೀನನಾದ ಯಜಮಾನನ ಮೇಲೆ ನೇರವಾಗಿ ಹೋಗಿ ನಿಲ್ಲುತ್ತದೆ. ಅವನ ಬೆನ್ನ ಹಿಂದೆ ಕಂಬಸಾಲಿನ ನಡುವಣ ಹೂದೋಟವೂ ಇಷ್ಟಿಷ್ಟು ಕಾಣುತ್ತದೆ. ಯಾರ ಹೆಸರನ್ನು ಮೊದಲು ಕೂಗಿದರು, ಯಾರಿಗೆ ಬರಿಯ ತಲೆಯಾಡಿಕೆ, ಯಾರನ್ನು ಹತ್ತಿರ ಕರೆದು ಕಿವಿಯಲ್ಲಿ ಮಾತಾಡಿದನು ಎಂಬುದನ್ನೆಲ್ಲ ಹಿಂದೆ ನಿಂತವರು ಗಮನಿಸುತ್ತಾರೆ. ಬೀದಿಯಲ್ಲಿ ಹೋಗುವವರಾದರೋ ಈ ಮನೆಯ ಮುಂದೆ ಎಷ್ಟು ಮಂದಿ ನೆರೆದಿದ್ದಾರೆ, ಪಕ್ಕದ ಮನೆಯ ಮುಂದೆ ಎಷ್ಟು ಮಂದಿ ಎಂದು ಕಣ್ಣಳತೆಯಲ್ಲಿಯೇ ತೂಗಿ, ಯಾರ ಅದೃಷ್ಟ ಏರುತ್ತಿದೆ, ಯಾರದು ಇಳಿಯುತ್ತಿದೆ ಎಂದು ತಿಳಿದುಕೊಂಡು ಮುಂದೆ ಸಾಗುತ್ತಾರೆ.

ರೋಮನ್ನರ ಸಾಮ್ರಾಜ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದಂಡಯಾತ್ರೆಗಳು, ರಾಜಮಾರ್ಗಗಳು, ನ್ಯಾಯಶಾಸ್ತ್ರ. ಇವುಗಳಷ್ಟೇ ಬಲವಾಗಿ ಆ ಸಮಾಜವನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಶಕ್ತಿಯಿದ್ದಿತು. ಅದು ನೆರೆಯವರ ಕಣ್ಣು. ನೋಡಿಸಿಕೊಳ್ಳುವುದೇ ಗೌರವವೆಂದು ಬಗೆದು ತಲೆತಲಾಂತರದಿಂದ ಬಾಗಿಲು ತೆರೆದಿಟ್ಟು ಬಾಳಿದ ಒಂದು ಕುಲೀನವರ್ಗವು, ಒಬ್ಬನೇ ಪ್ರಭುವಿನ ಆಳಿಕೆ ಬಂದಮೇಲೆ, ಆ ತೆರೆದ ಬಾಗಿಲಿನ ಮೂಲಕವೇ ಹೇಗೆ ಸೆರೆಸಿಕ್ಕಿತು ಎಂಬುದು ಈ ಲೇಖನದ ವಿಷಯ.

ಬಾಗಿಲು ತೆರೆದಿಟ್ಟ ಮನೆ

ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಡಿ ಹೂತುಹೋದ ಪಾಂಪೇ ನಗರದ ಮನೆಗಳಲ್ಲಿ ಇಂದಿಗೂ ನಡೆದಾಡಿ ನೋಡಬಹುದು. ವೆಟ್ಟಿ ಸೋದರರ ಮನೆಯೆಂದು ಪ್ರಸಿದ್ಧವಾದ ಒಂದು ಭವನದಲ್ಲಿ ಹಣ ಇಡುವ ಭಾರವಾದ ಪೆಟ್ಟಿಗೆಗಳನ್ನು ಒಳಕೋಣೆಯಲ್ಲಿ ಅಡಗಿಸದೆ, ಬಂದವರೆಲ್ಲ ಕಾಣಲೆಂದು ಮುಂದಿನ ತೊಟ್ಟಿಯಲ್ಲಿಯೇ ಇರಿಸಿದ್ದರು. ಈ ಸೋದರರು ದಾಸ್ಯದಿಂದ ಬಿಡುಗಡೆ ಹೊಂದಿ ವ್ಯಾಪಾರದಿಂದ ಮೇಲೆ ಬಂದವರೆಂದು ವಿದ್ವಾಂಸರ ಊಹೆ. ಹೊಸ ಶ್ರೀಮಂತನಿಗೆ ಐಶ್ವರ್ಯವನ್ನು ಮರೆಮಾಡುವ ಸಂಕೋಚ ಎಲ್ಲಿಂದ ಬರಬೇಕು? ಆದರೆ ಹಳೆಯ ಮನೆತನಗಳ ರೀತಿಯೂ ಇದೇ. ಅವರು ಹಣದ ಪೆಟ್ಟಿಗೆಯ ಬದಲಿಗೆ ಪದವಿಗಳನ್ನೇರಿದ ಪೂರ್ವಜರ ಮೇಣದ ಮುಖಗಳನ್ನು ಅದೇ ತೊಟ್ಟಿಯಲ್ಲಿ ಪ್ರದರ್ಶಿಸುತ್ತಿದ್ದರು.

ಈ ಮನೋಧರ್ಮಕ್ಕೆ ಅತ್ಯಂತ ಉಜ್ಜ್ವಲವಾದ ನಿದರ್ಶನವೆಂದು ರೋಮನ್ನರೇ ಹೇಳಿಕೊಳ್ಳುತ್ತಿದ್ದ ಕಥೆಯೊಂದು ಚಕ್ರಾಧಿಪತ್ಯಕ್ಕಿಂತ ಹಿಂದಿನ ಕಾಲದ್ದು. ಲೀವಿಯಸ್ ಡ್ರೂಸಸ್ ಎಂಬ ಜನನಾಯಕನು ಪ್ಯಾಲಟೈನ್ ಗುಡ್ಡದ ಮೇಲೆ ಮನೆ ಕಟ್ಟಿಸುವಾಗ, ಹೊರಗಿನ ಯಾರ ದೃಷ್ಟಿಯೂ ಒಳಗೆ ಬೀಳದಂತೆ ಕಟ್ಟಿಕೊಡುವೆನೆಂದು ಶಿಲ್ಪಿಯು ಭರವಸೆಯಿತ್ತನಂತೆ. ನಿನಗೆ ಅಷ್ಟು ಕೌಶಲವಿದ್ದರೆ, ನಾನು ಮಾಡುವುದೆಲ್ಲವೂ ಎಲ್ಲರಿಗೂ ಕಾಣುವಂತೆ ಕಟ್ಟಿಕೊಡೆಂದು ಡ್ರೂಸಸನು ಉತ್ತರಿಸಿದನಂತೆ. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮುಂದಿನದನ್ನೂ ಹೇಳುವುದು ನ್ಯಾಯ. ಕ್ರಿ.ಪೂ. 91ರಲ್ಲಿ, ಸದಾ ತನ್ನನ್ನು ಸುತ್ತುವರಿದಿರುತ್ತಿದ್ದ ಜನಜಂಗುಳಿಯೊಡನೆ ಆತನು ಮನೆಗೆ ಮರಳಿದಾಗ, ಅದೇ ಮನೆಯ ತೊಟ್ಟಿಯಲ್ಲಿ, ಅಷ್ಟು ಜನರ ನಡುವೆ, ಯಾರೋ ಅವನ ಪಕ್ಕೆಗೆ ಚೂರಿಯಿಟ್ಟರು. ಇಟ್ಟವನು ಸಿಕ್ಕಲಿಲ್ಲ.

ಕಣ್ಣಿನಿಂದ ಹೊರಡುವ ಬೆಳಕು

ನೋಟಕ್ಕೆ ಇಷ್ಟು ಬೆಲೆ ಬಂದುದಕ್ಕೆ ಸಾಮಾಜಿಕ ಕಾರಣ ಮಾತ್ರವಲ್ಲದೆ, ಅಂದಿನ ವಿಜ್ಞಾನದ ಕಾರಣವೂ ಉಂಟು. ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಸೇರುವುದರಿಂದ ನಮಗೆ ಕಾಣುತ್ತದೆ ಎಂದು ಇಂದು ಶಾಲೆಯ ಮಕ್ಕಳು ಬಲ್ಲರು. ಆ ಕಾಲದ ವಿದ್ವಾಂಸರಲ್ಲಿ ಬಹುಮಂದಿಯ ನಂಬಿಕೆ ಇದಕ್ಕೆ ತೀರ ವ್ಯತಿರಿಕ್ತವಾಗಿದ್ದಿತು. ಎರಡನೆಯ ಶತಮಾನದ ಮಹಾವೈದ್ಯ ಗೇಲನ್, ತಾರುಣ್ಯದಲ್ಲಿ ಪೆರ್ಗಮಮ್ ನಗರದ ಗ್ಲೇಡಿಯೇಟರುಗಳ ಗಾಯಗಳಿಗೆ ಚಿಕಿತ್ಸೆ ಮಾಡುತ್ತ ಶರೀರದ ಒಳಗನ್ನು ಕಂಡವನು, ಮಿದುಳಿನಿಂದ ಒಂದು ಸೂಕ್ಷ್ಮವಾದ ಪ್ರಾಣವಾಯುವು ನರಗಳ ಮೂಲಕ ಕಣ್ಣಿಗೆ ಹರಿದು, ಅಲ್ಲಿಂದ ಹೊರಬಿದ್ದು, ಸುತ್ತಣ ಗಾಳಿಯನ್ನೇ ಗ್ರಹಣಶಕ್ತಿಯುಳ್ಳ ಅಂಗವನ್ನಾಗಿ ಮಾರ್ಪಡಿಸುತ್ತದೆ ಎಂದು ವಾದಿಸಿದನು. ವಸ್ತುಗಳಿಂದಲೇ ತೆಳುವಾದ ಪೊರೆಗಳು ಸುಲಿದು ಬಂದು ಕಣ್ಣಿಗೆ ತಾಗುತ್ತವೆ ಎಂದು ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನ ಅನುಯಾಯಿಗಳು ಹೇಳುತ್ತಿದ್ದರು. ಎರಡು ಪಕ್ಷಗಳಲ್ಲಿ ಯಾವುದನ್ನು ಒಪ್ಪಿದರೂ ನೋಡುವುದೆಂದರೆ ಒಂದು ಬಗೆಯ ಸ್ಪರ್ಶ ಎಂಬುದಂತೂ ಸಿದ್ಧವಾಗುತ್ತಿತ್ತು. ನೋಡಿದವನು ಮುಟ್ಟಿದಂತೆಯೇ.

ಮುಟ್ಟಬಲ್ಲ ಕಣ್ಣು ಕೆಡುಕನ್ನೂ ಮಾಡಬಲ್ಲದಲ್ಲವೆ? ಮಗುವಿಗೆ ದೃಷ್ಟಿ ತಾಗೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಸಂಜೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ನಮ್ಮ ಮನೆಯ ಹಿರಿಯ ಹೆಂಗಸರಿಗೆ ರೋಮಿನ ದಾದಿಯರ ಕಳವಳ ಏನೂ ಹೊಸದೆನಿಸದು. ಅಪರಿಚಿತನು ಒಳಗೆ ಬಂದರೆ, ಅಥವಾ ನಿದ್ದೆಯಲ್ಲಿರುವ ಕೂಸನ್ನು ಯಾರಾದರೂ ದಿಟ್ಟಿಸಿದರೆ, ದಾದಿಯು ಒಡನೆಯೇ ಉಗುಳುತ್ತಿದ್ದಳೆಂದು ಹಿರಿಯ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಪುರುಷಲಿಂಗದ ಆಕಾರದ ತಾಯಿತವೇ ಅವರಿಗೆ ಮುಖ್ಯ ರಕ್ಷೆ. ಅದು ಮಕ್ಕಳ ಕೊರಳಿನಲ್ಲಿಯೂ, ಅಂಗಡಿಯ ಬಾಗಿಲಲ್ಲಿ ಗಂಟೆಗಳೊಡನೆ ತೂಗುವ ಕಂಚಿನ ಬೊಂಬೆಯಲ್ಲಿಯೂ, ಮೇಲೆ ಹೇಳಿದ ವೆಟ್ಟಿ ಮನೆಯ ಹೆಬ್ಬಾಗಿಲ ಚಿತ್ರದಲ್ಲಿಯೂ, ಕೊನೆಗೆ ವಿಜಯೋತ್ಸವದಲ್ಲಿ ಮೆರೆಯುವ ಸೇನಾನಿಯ ರಥದ ಅಡಿಯಲ್ಲಿಯೂ ಕಾಣುತ್ತಿದ್ದಿತು. ಇಡೀ ನಗರದ ಕಣ್ಣು ಒಬ್ಬನ ಮೇಲೆಯೇ ನೆಟ್ಟಿರುವ ದಿನ, ಆ ಒಬ್ಬನಿಗೆ ರಕ್ಷೆ ಬೇಕಾದುದು ಸಹಜ.

ಗ್ರೀಕ್ ಲೇಖಕ ಪ್ಲೂಟಾರ್ಕನು ಒಂದು ಔತಣದಲ್ಲಿ ನಡೆದ ಈ ವಿಷಯದ ಚರ್ಚೆಯನ್ನು ದಾಖಲಿಸಿದ್ದಾನೆ. ಅತಿಥಿಗಳಲ್ಲಿ ಹಲವರು ಇದೆಲ್ಲ ಮೂಢನಂಬಿಕೆಯೆಂದು ನಕ್ಕರೆ, ಆತಿಥೇಯನಾದ ಮೆಸ್ಟ್ರಿಯಸ್ ಫ್ಲೋರಸನು ಕಾರಣ ತಿಳಿಯದ ಮಾತ್ರಕ್ಕೆ ಅನುಭವವನ್ನು ಅಲ್ಲಗಳೆಯಲಾಗದೆಂದು ಪಟ್ಟು ಹಿಡಿಯುತ್ತಾನೆ. ಮತ್ಸರವು ದೇಹವನ್ನು ಕೆಡಿಸುವುದು, ಕೆಟ್ಟ ದೇಹದಿಂದ ಕಣ್ಣಿನ ದಾರಿಯಾಗಿ ವಿಷದ ಕಣಗಳು ಹೊರಡುವುವು ಎಂದು ಅಲ್ಲಿ ಸಮಾಧಾನ ಹೇಳಲಾಗುತ್ತದೆ. ತಂದೆಯ ಕಣ್ಣೇ ಕೆಟ್ಟದ್ದೆಂದು ಹೆದರಿ ಗಂಡನಿಗೆ ಕೂಸನ್ನು ಹೆಚ್ಚು ಹೊತ್ತು ತೋರಿಸದ ತಾಯಂದಿರ ಪ್ರಸ್ತಾಪವೂ ಬರುತ್ತದೆ.

ಅಂದಿನ ಸಿರಿಯಾ ಪ್ರಾಂತದ ಆಂಟಿಯಾಕ್ ನಗರದಲ್ಲಿ, ಎರಡನೆಯ ಶತಮಾನದ ಮನೆಯೊಂದರ ಪ್ರವೇಶದ ನೆಲದಲ್ಲಿ, ಬಣ್ಣದ ಕಲ್ಲಿನ ಚೂರುಗಳಿಂದ ರಚಿಸಿದ ಒಂದು ಚಿತ್ರ ದೊರೆತಿದೆ. ನಡುವೆ ರೆಪ್ಪೆ ತೆರೆದ ಒಂದು ದೊಡ್ಡ ಕಣ್ಣು. ಅದರೊಳಕ್ಕೆ ಒಂದು ತ್ರಿಶೂಲವೂ ಒಂದು ಕತ್ತಿಯೂ ನಾಟಿವೆ. ಚೇಳು, ಹಾವು, ಜರಿ, ನಾಯಿ, ಒಂದು ಹಕ್ಕಿ, ಬೆಕ್ಕಿನ ಜಾತಿಯ ಒಂದು ಮೃಗ, ಎಲ್ಲವೂ ಸುತ್ತಲಿಂದ ಮುಗಿಬಿದ್ದು ಅದನ್ನು ಹರಿಯುತ್ತಿವೆ. ಪಕ್ಕದಲ್ಲೊಬ್ಬ ಕುಳ್ಳನು ಬೆನ್ನು ತಿರುಗಿಸಿಕೊಂಡು ಹೊರಟಿದ್ದಾನೆ. ಅತಿಥಿಗಳಿಗೆಂದು ಬಾಗಿಲು ತೆರೆದಿಡಲೇಬೇಕಾದ ಗೃಹಸ್ಥನು, ಬರುವವರ ಕಣ್ಣಿಗೆ ಎಷ್ಟು ಅಂಜುತ್ತಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಖಾಡದಲ್ಲಿ ಯಾರು ಯಾರನ್ನು ನೋಡಿದರು

ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿಯು ಉದ್ಘಾಟಿಸಿದ ಕೊಲೋಸಿಯಂ ಸುಮಾರು 50,000 ಮಂದಿಯನ್ನು ಹಿಡಿಸುತ್ತಿತ್ತೆಂದು ಅಂದಾಜು. ಕತ್ತಲೆಯ ಸಿನಿಮಾಮಂದಿರದಲ್ಲಿ ಕುಳಿತು ರೂಢಿಯಾದ ನಾವು ಒಂದು ಮಾತನ್ನು ಮರೆಯಬಾರದು: ಅದು ಹಗಲು ಬೆಳಕಿನ, ದುಂಡಾದ ರಂಗಸ್ಥಳ, ಎದುರು ಕುಳಿತವನು ಅಖಾಡದಷ್ಟೇ ಸ್ಪಷ್ಟವಾಗಿ ಕಾಣುತ್ತಾನೆ. ಆದುದರಿಂದಲೇ ಯಾರು ಎಲ್ಲಿ ಕೂರಬೇಕೆಂಬುದು ರಾಜ್ಯದ ವಿಷಯವಾಯಿತು. ಹಿಂದೊಮ್ಮೆ ಪುಟಿಯೋಲಿ ಊರಿನ ತುಂಬಿದ ಪ್ರದರ್ಶನದಲ್ಲಿ ಒಬ್ಬ ಸೆನೆಟ್ ಸದಸ್ಯನಿಗೆ ಯಾರೂ ಎದ್ದು ಜಾಗ ಕೊಡಲಿಲ್ಲವೆಂಬ ಕಾರಣದಿಂದ, ಮೊದಲ ಚಕ್ರವರ್ತಿಯಾದ ಅಗಸ್ಟಸನು ಎಲ್ಲ ಕಡೆಯೂ ಮೊದಲ ಸಾಲು ಸೆನೆಟ್ ಸದಸ್ಯರಿಗೆ ಮೀಸಲೆಂದು ವಿಧಿಸಿದನು. ಸೈನಿಕರನ್ನು ಪ್ರಜೆಗಳಿಂದ ಬೇರ್ಪಡಿಸಿದನು. ಹುಡುಗರಿಗೊಂದು ಭಾಗ, ಅವರ ಪಕ್ಕದಲ್ಲಿ ಉಪಾಧ್ಯಾಯರಿಗೊಂದು ಭಾಗ ಎಂದು ಗೊತ್ತುಮಾಡಿದನು. ಮಾಸಿದ ಬಟ್ಟೆಯವರು ನಡುಸಾಲಿನಲ್ಲಿ ಕೂರದಂತೆ ತಡೆದು, ಹೆಂಗಸರನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಲಿಗೆ ಕಳುಹಿಸಿದನು. ಈ ವ್ಯವಸ್ಥೆ ಕೊಲೋಸಿಯಂ ಕಟ್ಟುವ ಹೊತ್ತಿಗೆ ಕಲ್ಲಿನಲ್ಲಿಯೇ ಗಟ್ಟಿಯಾಗಿದ್ದಿತು.

ಆಟ ನೋಡುವುದರಲ್ಲಿ ಪ್ರಭುವಿಗೂ ಪರೀಕ್ಷೆಯಿತ್ತು. ಜೂಲಿಯಸ್ ಸೀಸರನು ಪ್ರದರ್ಶನದ ನಡುವೆ ಕಾಗದಪತ್ರಗಳನ್ನು ಓದುತ್ತ ಅಪ್ಪಣೆ ಬರೆಯುತ್ತ ಕುಳಿತುದು ಜನಕ್ಕೆ ಹಿಡಿಸಿರಲಿಲ್ಲ. ಅದನ್ನು ನೆನಪಿಟ್ಟಿದ್ದ ಅಗಸ್ಟಸನು, ಬಂದಾಗಲೆಲ್ಲ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಕಣ್ಣಿಟ್ಟು ನೋಡುತ್ತಿದ್ದನಂತೆ. ಜನರು ಆಟವನ್ನು ನೋಡಿದರು, ಪ್ರಭುವು ಆಟ ನೋಡುವುದನ್ನೂ ನೋಡಿದರು. ಕ್ಲಾಡಿಯಸ್ ಚಕ್ರವರ್ತಿಯ ಆಸಕ್ತಿ ಮಾತ್ರ ಸಭ್ಯತೆಯ ಎಲ್ಲೆಯನ್ನು ಮೀರಿದ್ದಿತು. ಬಲೆ ಬೀಸಿ ಕಾದಾಡುವ ಗ್ಲೇಡಿಯೇಟರುಗಳು ಶಿರಸ್ತ್ರಾಣ ತೊಡುತ್ತಿರಲಿಲ್ಲವಾದ್ದರಿಂದ, ಅವರು ಆಕಸ್ಮಿಕವಾಗಿ ಕೆಳಗೆ ಬಿದ್ದರೂ ಕತ್ತು ಕೊಯ್ಯಿಸಿ, ಪ್ರಾಣ ಹೋಗುವಾಗ ಮುಖದಲ್ಲಾಗುವ ಮಾರ್ಪಾಟನ್ನು ದಿಟ್ಟಿಸುತ್ತಿದ್ದನೆಂದು ಚಕ್ರವರ್ತಿಗಳ ಚರಿತ್ರಕಾರ ಸ್ವೆಟೋನಿಯಸನು ಹೇಳುತ್ತಾನೆ.

ನೀರೋ ಚಕ್ರವರ್ತಿಯು ತಾನೇ ರಂಗವನ್ನೇರಿ ಹಾಡತೊಡಗಿದಾಗ ನೋಟದ ದಿಕ್ಕು ಪೂರ್ಣವಾಗಿ ತಿರುಗಿತು. ಚಪ್ಪಾಳೆಗೆಂದೇ ಅವನು 5,000ಕ್ಕೂ ಹೆಚ್ಚು ತರುಣರನ್ನು ಪಡೆಪಡೆಯಾಗಿ ಪಳಗಿಸಿದ್ದನು. ದುಂಬಿಯ ಝೇಂಕಾರದ ಚಪ್ಪಾಳೆ, ಹಂಚಿನ ಚಪ್ಪಾಳೆ, ಇಟ್ಟಿಗೆಯ ಚಪ್ಪಾಳೆ ಎಂದು ಅವಕ್ಕೆ ಹೆಸರುಗಳೂ ಇದ್ದವು. ದೂರದ ಊರುಗಳಿಂದ ಬಂದ, ಈ ತಾಳ ತಿಳಿಯದ ಸಾಧುಜನರ ಕೈ ತಪ್ಪಿದರೆ, ಸಾಲುಗಳ ನಡುವೆ ನಿಂತ ಸೈನಿಕರು ಹೊಡೆಯುತ್ತಿದ್ದರು. ಯಾರು ಬಂದಿಲ್ಲ, ಬಂದವರಲ್ಲಿ ಯಾರ ಮುಖ ಅರಳಿದೆ, ಯಾರದು ಬಾಡಿದೆ ಎಂದು ಗುರುತು ಹಾಕಿಕೊಳ್ಳುವವರು ಬಹಿರಂಗವಾಗಿ ಕೆಲವರು, ಗುಪ್ತವಾಗಿ ಇನ್ನೂ ಹಲವರು ಇದ್ದರೆಂದು ಇತಿಹಾಸಕಾರ ಟ್ಯಾಸಿಟಸನು ಬರೆಯುತ್ತಾನೆ. ಹಾಡು ಮುಗಿಯುವ ತನಕ ಹೊರಗೆ ಬಿಡುತ್ತಿರಲಿಲ್ಲ. ಬೇಸತ್ತು ಗೋಡೆ ಹಾರಿದವರೂ, ಸತ್ತಂತೆ ನಟಿಸಿ ಹೆಣವಾಗಿ ಹೊರಬಂದವರೂ ಉಂಟಂತೆ. ಮುಂದೆ ತಾನೇ ಚಕ್ರವರ್ತಿಯಾಗಲಿದ್ದ ವೆಸ್ಪೇಸಿಯನ್ ಇಂಥದೊಂದು ಗಾನಗೋಷ್ಠಿಯಲ್ಲಿ ತೂಕಡಿಸಿ, ತಲೆ ಹೋಗುವ ಪ್ರಮಾದದಿಂದ ಹೇಗೋ ಪಾರಾದನು. ಆ ಒಂದು ತೂಕಡಿಕೆಗಾಗಿ ಆ ಮುದುಕನನ್ನು ನಾನು ಅವನ ಎಲ್ಲ ಯುದ್ಧಗಳಿಗಿಂತ ಹೆಚ್ಚಾಗಿ ಮೆಚ್ಚುತ್ತೇನೆ.

ಉಂಗುರದ ಹರಳಿನಲ್ಲಿ ಪ್ರಭುವಿನ ಮುಖ

ಒಬ್ಬ ಚಕ್ರವರ್ತಿಯು ಬ್ರಿಟನ್ನಿನಿಂದ ಸಿರಿಯಾದವರೆಗಿನ ರಾಜ್ಯವನ್ನು ಕಣ್ಣಾರೆ ನೋಡುತ್ತಿರುವುದು ಸಾಧ್ಯವಿಲ್ಲ. ಆದರೆ ಅವನ ಮುಖ ಎಲ್ಲ ಕಡೆಯೂ ಇರಬಹುದು. ಚೌಕಗಳಲ್ಲಿ, ನ್ಯಾಯಸ್ಥಾನಗಳಲ್ಲಿ, ಸೈನ್ಯದ ಧ್ವಜಗಳಲ್ಲಿ, ಅಂಗಡಿಗಳಲ್ಲಿ ಆ ಮುಖವಿದ್ದಿತು. ಇಂದು ನಾವು ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಅಮೃತಶಿಲೆಯ ಬಿಳಿಯ, ಶೂನ್ಯವಾದ ಕಣ್ಣುಗಳು ಕಾಲದ ಕೈವಾಡ. ಮೊದಲು ಅವುಗಳಿಗೆ ಬಣ್ಣದ ಪಾಪೆಗಳಿದ್ದವು. ಹೇಡ್ರಿಯನ್ನನ ಕಾಲದಿಂದೀಚೆಗೆ ಶಿಲ್ಪಿಗಳು ಪಾಪೆಯನ್ನು ಕಲ್ಲಿನಲ್ಲಿಯೇ ಕೊರೆಯತೊಡಗಿದರು. ಹಾಗೆ ಕೊರೆದ ಕಣ್ಣಿನ ಮುಂದೆ ನಿಂತರೆ ಕಲ್ಲೂ ನೋಡುತ್ತಿದೆಯೆಂಬ ಭ್ರಮೆ ಹುಟ್ಟದಿರದು. ಅಗಸ್ಟಸನಿಗೆ ತನ್ನ ಜೀವಂತ ಕಣ್ಣುಗಳ ವಿಷಯದಲ್ಲಿಯೇ ಈ ಹೆಮ್ಮೆಯಿದ್ದಿತಂತೆ: ತಾನು ದಿಟ್ಟಿಸಿದಾಗ ಎದುರಿನವನು ಸೂರ್ಯನ ಪ್ರಭೆಗೆ ಕಣ್ಣು ಕುಕ್ಕಿದವನ ಹಾಗೆ ಮುಖ ತಗ್ಗಿಸಿದರೆ ಅವನಿಗೆ ಪರಮಸಂತೋಷ.

ಅಗಸ್ಟಸನ ಬಳಿಕ ಬಂದ ಟೈಬೀರಿಯಸನ ಆಳಿಕೆಯಲ್ಲಿ ಈ ಪ್ರತಿಮೆಗಳು ಪ್ರಾಣಾಪಾಯಕರವಾದವು. ಅಗಸ್ಟಸನ ಮೂರ್ತಿಯ ಹತ್ತಿರ ಗುಲಾಮನನ್ನು ಹೊಡೆಯುವುದು, ಬಟ್ಟೆ ಬದಲಿಸುವುದು, ಅವನ ಮುಖವಿರುವ ನಾಣ್ಯವನ್ನೋ ಉಂಗುರವನ್ನೋ ಶೌಚಕ್ಕೆ ಒಯ್ಯುವುದು ಮರಣದಂಡನೆಗೆ ತಕ್ಕ ರಾಜದ್ರೋಹವೆನಿಸಿದ್ದಿತೆಂದು ಸ್ವೆಟೋನಿಯಸನ ಹೇಳಿಕೆ. ಇದು ಅತಿಶಯೋಕ್ತಿಯೆಂದು ತಳ್ಳಿಹಾಕಲು ಹೊರಟವನನ್ನು ತತ್ತ್ವಜ್ಞಾನಿ ಸೆನೆಕಾ ಹೇಳುವ ಒಂದು ಪ್ರಸಂಗ ತಡೆಯುತ್ತದೆ.

ಉನ್ನತ ಪದವಿಯಲ್ಲಿದ್ದು ನಿವೃತ್ತನಾದ ಪೌಲಸ್ ಎಂಬಾತನು ಒಂದು ಔತಣದಲ್ಲಿದ್ದನು. ಅವನ ಬೆರಳಿನಲ್ಲಿ ಟೈಬೀರಿಯಸನ ಮುಖವನ್ನು ಉಬ್ಬಾಗಿ ಕೆತ್ತಿದ ಹರಳಿನ ಉಂಗುರ. ಕುಡಿದು ಮತ್ತೇರಿದ ಪೌಲಸನು ಕುಳಿತಲ್ಲಿಂದಲೇ ಮೂತ್ರದ ಪಾತ್ರೆಗೆ ಕೈ ಚಾಚಿದನು. ಆ ಮನೆಯಲ್ಲಿ ಇದನ್ನು ಕಂಡ ಕಣ್ಣುಗಳು ಎರಡು ಜೊತೆ: ಒಂದು, ಮಾರೋ ಎಂಬ ಹೆಸರಾಂತ ಚಾಡಿಕೋರನದು, ಇನ್ನೊಂದು, ಪೌಲಸನ ಗುಲಾಮನದು. ಮಾರೋ ಅತಿಥಿಗಳನ್ನು ಸಾಕ್ಷಿಗೆ ಕರೆದು, ಪ್ರಭುವಿನ ಮುಖಕ್ಕೆ ಅಪಚಾರವಾಯಿತೆಂದು ದೂರನ್ನು ಸಿದ್ಧಪಡಿಸುವಷ್ಟರಲ್ಲಿ, ಗುಲಾಮನು ತನ್ನ ಕೈಯನ್ನು ಮುಂದೆ ಚಾಚಿ ತೋರಿಸಿದನು. ಉಂಗುರ ಅವನ ಬೆರಳಿನಲ್ಲಿತ್ತು. ಒಡೆಯನಿಗೇ ಅರಿವಾಗದಂತೆ ಅದನ್ನು ಅವನು ಮೊದಲೇ ಕಳಚಿಕೊಂಡಿದ್ದನು.

ಅದೇ ಮುಖ ಬಡವನ ಆಸರೆಯೂ ಆಗುತ್ತಿತ್ತೆಂಬುದನ್ನು ಇಲ್ಲಿಯೇ ಹೇಳಬೇಕು. ಕ್ರೂರಿಯಾದ ಒಡೆಯನಿಂದ ತಪ್ಪಿಸಿಕೊಂಡ ಗುಲಾಮನು ಚಕ್ರವರ್ತಿಯ ಪ್ರತಿಮೆಯನ್ನು ಹಿಡಿದು ನಿಂತರೆ ಅವನನ್ನು ಎಳೆದೊಯ್ಯುವಂತಿರಲಿಲ್ಲ. ದೂರು ನಿಜವೆಂದು ಕಂಡುಬಂದರೆ ಒಡೆಯನು ಆ ಗುಲಾಮನನ್ನು ಬೇರೆಯವರಿಗೆ ಮಾರಿಬಿಡಬೇಕೆಂದು ಎರಡನೆಯ ಶತಮಾನದಲ್ಲಿ ಆಂಟೊನೈನಸ್ ಪಯಸನು ಆಜ್ಞೆಮಾಡಿದನು. ಸಾಮ್ರಾಜ್ಯದ ಗಡಿಯಾಚೆಗೆ ಮಾತ್ರ ಆ ಮುಖಕ್ಕೆ ಭಯವೂ ಇಲ್ಲ, ಅಭಯವೂ ಇಲ್ಲ. ನಮ್ಮ ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ದೊರೆತ ರೋಮನ್ ಬೆಳ್ಳಿನಾಣ್ಯಗಳಲ್ಲಿ ಅಗಸ್ಟಸನೂ ಟೈಬೀರಿಯಸನೂ ಇದ್ದಾರೆ. ಅವರ ಮುಖವನ್ನು ಶೌಚಕ್ಕೆ ಒಯ್ದರೆ ರೋಮಿನಲ್ಲಿ ತಲೆ ಹೋಗುತ್ತಿತ್ತು. ಇಲ್ಲಿ ಅವರು ಬರಿಯ ಬೆಳ್ಳಿಯ ತೂಕ.

ಗೋಡೆಗೂ ಕಿವಿ, ಕಂಬಕ್ಕೂ ಕಣ್ಣು

ಪೌಲಸನ ಗುಲಾಮನಂಥವರು ವಿರಳ. ಗುಲಾಮರಿಲ್ಲದೆ ಸಿರಿವಂತನು ಉಣ್ಣಲಾರ, ಮೀಯಲಾರ, ಮಲಗಲಾರ. ಆದುದರಿಂದ ಏಕಾಂತವೆಂಬುದೇ ಅವನಿಗಿರಲಿಲ್ಲ. ಒಡೆಯನು ಊಟಮಾಡುವಾಗ ಸುತ್ತ ನಿಂತ ಗುಲಾಮರು ಕೆಮ್ಮಿದರೂ ಸೀನಿದರೂ ಪೆಟ್ಟು ತಿನ್ನುತ್ತಿದ್ದರೆಂದೂ, ಎದುರಿಗೆ ಬಾಯಿ ಬಿಡಗೊಡದ ಒಡೆಯರ ವಿಷಯವನ್ನೇ ಅವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರೆಂದೂ ಸೆನೆಕಾ ಹೇಳುತ್ತಾನೆ. ಜ್ಯುವೆನಲ್ ಎಂಬ ವಿಡಂಬನಕವಿಗಂತೂ ಶ್ರೀಮಂತನ ಗುಟ್ಟೆಂಬುದೇ ಹಾಸ್ಯದ ವಸ್ತು. ಇರುಳಲ್ಲಿ ನಡೆದುದು ಬೆಳಗಾಗುವ ಮೊದಲೇ ಬೀದಿಯ ಹೆಂಡದಂಗಡಿಗೆ ತಿಳಿದಿರುತ್ತದೆ ಎನ್ನುತ್ತಾನೆ.

ಒಡೆಯನ ವಿರುದ್ಧ ಗುಲಾಮನ ಸಾಕ್ಷ್ಯವನ್ನು ಪಡೆಯಬಾರದೆಂಬುದು ಹಳೆಯ ನಿಯಮ. ಕ್ರಿ.ಶ. 16ರಲ್ಲಿ ರಾಜದ್ರೋಹದ ಆರೋಪ ಹೊತ್ತ ಲೀಬೋ ಡ್ರೂಸಸನ ವಿಚಾರಣೆಯ ಕಾಲಕ್ಕೆ ಟೈಬೀರಿಯಸನು ಇದಕ್ಕೊಂದು ಉಪಾಯ ಕಂಡನು: ಆರೋಪಿಯ ಗುಲಾಮರನ್ನೆಲ್ಲ ಬೊಕ್ಕಸದ ಅಧಿಕಾರಿಗೆ ಮಾರಿಸಿಬಿಟ್ಟನು. ಒಡೆತನ ಬದಲಾದುದರಿಂದ ನಿಯಮ ಮುರಿದಂತಾಗಲಿಲ್ಲ. ಚಿತ್ರಹಿಂಸೆಯಿಂದ ಸಾಕ್ಷ್ಯ ಹೊರಡಿಸಬಹುದಾಯಿತು. ಕಾನೂನಿನ ಅಕ್ಷರಕ್ಕೆ ಇಷ್ಟು ಮರ್ಯಾದೆ ತೋರಿಸಿ ಅದರ ಪ್ರಾಣವನ್ನು ಹೀಗೆ ತೆಗೆದ ನಿದರ್ಶನ ಇತಿಹಾಸದಲ್ಲಿ ಹೆಚ್ಚಿಲ್ಲ.

ಗೆಳೆಯರೂ ಗುಲಾಮರಿಗಿಂತ ನಂಬಿಕೆಗೆ ಪಾತ್ರರಲ್ಲವೆಂಬುದು ಟಿಟಿಯಸ್ ಸಬೈನಸನ ಪ್ರಕರಣದಿಂದ ಜನಕ್ಕೆ ತಿಳಿಯಿತು. ಆತನು ಮೃತನಾದ ಜರ್ಮಾನಿಕಸನ ಸ್ನೇಹಿತ. ಆ ರಾಜಕುಮಾರನ ವಿಧವೆಯನ್ನು ಎಲ್ಲರೂ ತೊರೆದಮೇಲೂ ಆಕೆಯ ಮನೆಗೆ ಹೋಗುವುದನ್ನು ಬಿಡಲಿಲ್ಲವೆಂಬುದೇ ಅವನ ಅಪರಾಧ. ಲ್ಯಾಟಿಯಾರಿಸ್ ಎಂಬಾತನು ಸಹಾನುಭೂತಿಯ ಸೋಗಿನಿಂದ ಅವನನ್ನು ತನ್ನ ಮನೆಗೆ ಕರೆದೊಯ್ದು ದುಃಖ ತೋಡಿಕೊಳ್ಳುವಂತೆ ಮಾಡಿದಾಗ, ಸೆನೆಟಿನ ಮೂವರು ಸದಸ್ಯರು ಮಾಡಿಗೂ ಮುಚ್ಚಿಗೆಗೂ ನಡುವಣ ಸಂದಿಯಲ್ಲಿ ಮುದುಡಿ ಮಲಗಿ, ಬಿರುಕುಗಳಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಕ್ರಿ.ಶ. 28ರ ವರ್ಷಾರಂಭದ ದಿನ ಸಬೈನಸನನ್ನು ಎಳೆದೊಯ್ದು ಕೊಂದರು. ಆಮೇಲೆ ಜನರು ಪರಿಚಿತರನ್ನು ಕಂಡರೂ ಮಾತಾಡದೆ, ಮೂಕವಾದ ಮಾಡು ಗೋಡೆಗಳನ್ನೂ ಸಂಶಯದಿಂದ ನೋಡತೊಡಗಿದರೆಂದು ಟ್ಯಾಸಿಟಸನು ವಿವರಿಸುತ್ತಾನೆ. ಗೂಢಚಾರರ ಇಲಾಖೆಯೊಂದು ಆಗ ಇರಲಿಲ್ಲವೆಂಬುದನ್ನು ಗಮನಿಸಬೇಕು. ಮಾಡಿನ ಸಂದಿಯಲ್ಲಿ ತೆವಳಿದವರು ಸಂಬಳದ ಆಳುಗಳಲ್ಲ; ದೊಡ್ಡ ಪದವಿಗೆ ಆಸೆಪಟ್ಟ ದೊಡ್ಡ ಮನುಷ್ಯರು.

ಇಂಥ ಕಾಲದಲ್ಲಿ ಬಾಳಿದ ಸೆನೆಕಾ ತನ್ನ ಶಿಷ್ಯಮಿತ್ರನಿಗೆ ಕೊಟ್ಟ ಉಪದೇಶ ವಿಚಿತ್ರವಾಗಿ ತೋರಬಹುದು: ಒಬ್ಬ ಸತ್ಪುರುಷನನ್ನು ಮನಸ್ಸಿನಲ್ಲಿ ಆರಿಸಿಕೊಂಡು, ಅವನು ಸದಾ ತನ್ನನ್ನು ನೋಡುತ್ತಿರುವನೆಂದು ಭಾವಿಸಿ ನಡೆಯಬೇಕು. ಹೊರಗಣ ಕಣ್ಣುಗಳಿಂದ ತಪ್ಪಿಸಿಕೊಳ್ಳುವುದು ಅಸಾಧ್ಯವಾದಲ್ಲಿ, ತಾನೇ ಆರಿಸಿದ ಕಣ್ಣೊಂದನ್ನು ಒಳಗೆ ನೆಲೆಗೊಳಿಸಿಕೊಂಡರೆ ಅಷ್ಟರ ಮಟ್ಟಿಗೆ ಸ್ವಾತಂತ್ರ್ಯವೆಂದು ಅವನು ಬಗೆದಿರಬೇಕು. ಕ್ರಿ.ಶ. 65ರಲ್ಲಿ ನೀರೋನ ಅಪ್ಪಣೆಯಂತೆ ಅವನು ಆತ್ಮಹತ್ಯೆ ಮಾಡಿಕೊಂಡಾಗ, ಸುತ್ತ ನಿಂತು ನೋಡಿದ ಮಿತ್ರರೂ, ಕೊನೆಯ ಮಾತುಗಳನ್ನು ಬರೆದುಕೊಂಡ ಲಿಪಿಕಾರರೂ ಇದ್ದರು.

ಗುಲಾಮನ ಕಣ್ಣಿಗೆ ಬೆಲೆ ಕಟ್ಟಲು ಹೋದ ಒಬ್ಬ ಚಕ್ರವರ್ತಿಯ ಕಥೆಯನ್ನು ಗೇಲನ್ ಹೇಳುತ್ತಾನೆ. ಹೇಡ್ರಿಯನ್ನನು ಸಿಟ್ಟಿನ ಭರದಲ್ಲಿ, ಕೈಯಲ್ಲಿದ್ದ ಬರೆಯುವ ಕಂಟದಿಂದ ಸೇವಕನೊಬ್ಬನ ಕಣ್ಣಿಗೆ ತಿವಿದುದರಿಂದ ಆ ಕಣ್ಣು ಹೋಯಿತು. ಪಶ್ಚಾತ್ತಾಪಗೊಂಡ ಪ್ರಭುವು ಅವನನ್ನು ಕರೆಸಿ, ಇದಕ್ಕೆ ಬದಲಾಗಿ ಏನು ಬೇಕಾದರೂ ಕೇಳು ಎಂದನು. ಸೇವಕನು ಮಾತಾಡಲಿಲ್ಲ. ಮತ್ತೆ ಒತ್ತಾಯಮಾಡಲು, ತನಗೆ ಬೇಕಾದುದು ತನ್ನ ಕಣ್ಣೊಂದೇ ಎಂದನು.

ಕನ್ನಡಿಯಂಥ ಗೋಡೆಗಳ ನಡುವೆ

ಕ್ರಿ.ಶ. 81ರಿಂದ 96ರವರೆಗೆ ಆಳಿದ ಡೊಮಿಷಿಯನ್ನನು ಈ ಎಲ್ಲ ಎಳೆಗಳೂ ಬಂದು ಗಂಟಾದ ವ್ಯಕ್ತಿ. ನೀರೋ ಘೋರಕೃತ್ಯಗಳಿಗೆ ಅಪ್ಪಣೆಕೊಟ್ಟು ತನ್ನ ಕಣ್ಣನ್ನಾದರೂ ಅತ್ತ ತಿರುಗಿಸಿಕೊಳ್ಳುತ್ತಿದ್ದನು. ಡೊಮಿಷಿಯನ್ನನು ಕುಳಿತು ನೋಡುತ್ತಿದ್ದನು. ಅವನನ್ನು ನೋಡುವುದು, ಅವನಿಂದ ನೋಡಿಸಿಕೊಳ್ಳುವುದು, ಇದೇ ಆ ಕಾಲದ ಪರಮಸಂಕಟವಾಗಿದ್ದಿತೆಂದು ಟ್ಯಾಸಿಟಸನು ತನ್ನ ಮಾವನ ಚರಿತ್ರೆಯಲ್ಲಿ ನೆನೆಯುತ್ತಾನೆ. ಸೆನೆಟಿನ ಸಭೆಯಲ್ಲಿ ಯಾರು ನಿಟ್ಟುಸಿರಿಟ್ಟರೆಂಬುದಕ್ಕೂ ಲೆಕ್ಕವಿಡಲಾಗುತ್ತಿತ್ತು. ಹುಟ್ಟಿನಿಂದ ಕೆಂಪೇರಿದ ಮುಖವುಳ್ಳ ಪ್ರಭುವು ನಾಚಿಕೆಯನ್ನು ತೋರಗೊಡದೆ ಕುಳಿತಿರುವಾಗ, ಎದುರಿನವರು ಮುಖ ಬಿಳುಪೇರದಂತೆ ಹಿಡಿದಿಟ್ಟುಕೊಳ್ಳಬೇಕಾಗಿತ್ತು.

ಹೀಗೆ ನೋಡಿದವನಿಗೆ ನೆಮ್ಮದಿಯಿತ್ತೆ? ತಾನು ಅಡ್ಡಾಡುವ ಕಂಬಸಾಲಿನ ಗೋಡೆಗಳಿಗೆ ಅವನು ಕ್ಯಾಪಡೋಷಿಯಾ ಪ್ರಾಂತದ ಒಂದು ಬಗೆಯ ಹೊಳಪಿನ ಕಲ್ಲನ್ನು ಹೊದಿಸಿದ್ದನು. ಬೆನ್ನ ಹಿಂದೆ ನಡೆಯುವುದೆಲ್ಲ ಅದರಲ್ಲಿ ಪ್ರತಿಬಿಂಬಿಸಬೇಕೆಂಬುದು ಉದ್ದೇಶ. ಸೆರೆಯಾಳುಗಳನ್ನು ಒಂಟಿಯಾಗಿ ವಿಚಾರಿಸುವಾಗ ಅವರ ಸಂಕೋಲೆಯ ತುದಿಯನ್ನು ತನ್ನ ಕೈಯಲ್ಲಿಯೇ ಹಿಡಿದಿರುತ್ತಿದ್ದನಂತೆ. ಲಕ್ಷೋಪಲಕ್ಷ ಜನರ ಮುಖವನ್ನು ಓದಬಲ್ಲ ಅಧಿಕಾರವಿದ್ದವನು, ಕೊನೆಗೆ ಕಲ್ಲಿನಲ್ಲಿ ಮೂಡುವ ನೆರಳುಗಳನ್ನು ಓದುತ್ತ ನಡೆಯಬೇಕಾಯಿತು.

ಆ ಗೋಡೆಗಳು ಅವನನ್ನು ಕಾಯಲಿಲ್ಲ. ಸ್ಟೆಫಾನಸ್ ಎಂಬ ಮೇಲ್ವಿಚಾರಕನೊಬ್ಬನು, ಪೆಟ್ಟಾಗಿದೆಯೆಂಬ ನೆವದಿಂದ ಕೆಲವು ದಿನಗಳ ಕಾಲ ಎಡಗೈಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ತಿರುಗಾಡಿ, ನೋಡುವವರ ಕಣ್ಣಿಗೆ ಅದನ್ನು ರೂಢಿಮಾಡಿಸಿದನು. ಕ್ರಿ.ಶ. 96ರ ಸೆಪ್ಟೆಂಬರ್ 18ರಂದು, ಒಂದು ಒಳಸಂಚನ್ನು ಬಯಲುಮಾಡುವೆನೆಂದು ಹೇಳಿಕೊಂಡು ಪ್ರಭುವಿನ ಮಲಗುವ ಕೋಣೆಗೆ ಹೋ‍ಗಿ ಕಾಗದವೊಂದನ್ನು ಕೈಗಿತ್ತನು. ಡೊಮಿಷಿಯನ್ನನು ಅದನ್ನು ಓದುತ್ತಿರುವಾಗ ಪಟ್ಟಿಯೊಳಗಿನಿಂದ ಚೂರಿ ಹೊರಬಂದಿತು. ಎಲ್ಲವನ್ನೂ ಶಂಕಿಸುತ್ತಿದ್ದವನ ಕಣ್ಣನ್ನು ಒಂದು ಕ್ಷಣ ಬೇರೆಡೆಗೆ ಸೆಳೆಯಲು ಚಾಡಿಯ ಪತ್ರವೊಂದೇ ಸಾಕಾಗಿದ್ದಿತು. ಸುದ್ದಿ ತಿಳಿದ ಸೆನೆಟ್ ಸದಸ್ಯರು ಏಣಿಗಳನ್ನು ತರಿಸಿ, ಸಭಾಭವನದಲ್ಲಿದ್ದ ಅವನ ಬಿಂಬಗಳನ್ನು ತಮ್ಮ ಎದುರಿನಲ್ಲಿಯೇ ಕೆಡವಿ ನೆಲಕ್ಕಪ್ಪಳಿಸಿದರು. ಹೀಗೆ ಶಾಪಗ್ರಸ್ತರಾದ ಚಕ್ರವರ್ತಿಗಳ ಪ್ರತಿಮೆಗಳಲ್ಲಿ ಕಣ್ಣುಗಳನ್ನೇ ಹುಡುಕಿ ಜಜ್ಜಿರುವುದು ಈಗಲೂ ಕಾಣಸಿಗುತ್ತದೆ.

ಧಾನ್ಯದ ಲೆಕ್ಕದವರು

ನಾಲ್ಕು ವರ್ಷಗಳ ಬಳಿಕ, ಕ್ರಿ.ಶ. 100ರಲ್ಲಿ, ಕಿರಿಯ ಪ್ಲಿನಿಯು ಸೆನೆಟಿನಲ್ಲಿ ನಿಂತು ಟ್ರೇಜನ್ ಚಕ್ರವರ್ತಿಯನ್ನು ಹೊಗಳುತ್ತ, ಭಯದ ಕಾಲ ಕಳೆಯಿತು, ಅರಮನೆಯ ಬಾಗಿಲು ತೆರೆಯಿತು ಎಂದು ಸಾರಿದನು. ಡೊಮಿಷಿಯನ್ನನ ಆಳಿಕೆಯಲ್ಲಿಯೇ ಒಂದೊಂದಾಗಿ ಪದವಿಗಳನ್ನೇರಿದ್ದ ಈ ಸಜ್ಜನನ ಬಾಯಲ್ಲಿ ಆ ಮಾತು ಹೇಗೆ ಧ್ವನಿಸಿತೋ ಸಭಿಕರೇ ಬಲ್ಲರು. ಅವರಲ್ಲಿ ಅನೇಕರೂ ಹಾಗೆಯೇ ಮೇಲೆ ಬಂದವರಾಗಿದ್ದುದರಿಂದ ಯಾರೂ ನಗಲಿಲ್ಲವೆಂದು ತೋರುತ್ತದೆ. ಭಯ ತಗ್ಗಿದ್ದು ನಿಜ. ಕಣ್ಣು ಮುಚ್ಚಲಿಲ್ಲ, ಈಗ ಅದಕ್ಕೆ ಸಂಬಳ ಗೊತ್ತಾಯಿತು.

ಸೈನ್ಯಕ್ಕೆ ಧಾನ್ಯ ಒದಗಿಸುವ, ಅದರ ಸಲುವಾಗಿ ಪ್ರಾಂತಗಳಿಗೂ ರಾಜಧಾನಿಗೂ ನಡುವೆ ಸದಾ ಓಡಾಡುವ ಫ್ರುಮೆಂಟಾರಿ ಎಂಬ ಸೈನಿಕರಿದ್ದರು. ಎಲ್ಲ ದಾರಿಗಳನ್ನೂ, ಎಲ್ಲ ತಂಗುದಾಣಗಳನ್ನೂ ಬಲ್ಲ ಇವರಿಗೆ ಪತ್ರ ಒಯ್ಯುವ ಕೆಲಸ ಬಂದಿತು. ಪತ್ರದ ಹಿಂದೆಯೇ ಸುದ್ದಿ ಸಂಗ್ರಹವೂ ಬಂದಿತು. ರೋಮಿನ ಸೀಲಿಯನ್ ಗುಡ್ಡದ ಮೇಲೆ ಇವರ ಪಾಳೆಯವಿದ್ದಿತು. ಇವರಲ್ಲದೆ, ಸಾದಾ ಉಡುಪಿನ ಸೈನಿಕನೊಬ್ಬನು ಪಕ್ಕದಲ್ಲಿ ಬಂದು ಕುಳಿತು, ತಾನೇ ಮೊದಲಾಗಿ ಚಕ್ರವರ್ತಿಯನ್ನು ಬೈದು, ಅದನ್ನು ನಂಬಿ ನೀನೂ ಎರಡು ಮಾತು ಸೇರಿಸಿದೊಡನೆ ನಿನ್ನನ್ನು ಸೆರೆಗೆ ಎಳೆದೊಯ್ಯುವನೆಂದು, ಒಂದು ಕಾಲಕ್ಕೆ ತಾನೇ ಗುಲಾಮನಾಗಿದ್ದ ತತ್ತ್ವಜ್ಞಾನಿ ಎಪಿಕ್ಟೀಟಸನು ತನ್ನ ಶಿಷ್ಯರನ್ನು ಎಚ್ಚರಿಸುತ್ತಿದ್ದನು.

ಹೇಡ್ರಿಯನ್ನನು ಈ ಧಾನ್ಯದವರಿಂದ ತನ್ನ ಮಿತ್ರರ ಮನೆವಾರ್ತೆಯನ್ನು ಸಹ ತರಿಸಿಕೊಳ್ಳುತ್ತಿದ್ದನೆಂದು ಅವನ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಸ್ವಾರಸ್ಯಕ್ಕಾಗಿ ಸತ್ಯವನ್ನು ಕೊಂಚ ಬಗ್ಗಿಸುವ ಅಭ್ಯಾಸವುಳ್ಳ ಗ್ರಂಥವದು. ಆದರೂ ಅದರಲ್ಲಿನ ಒಂದು ಪ್ರಸಂಗವನ್ನು ಬಿಡಲು ಮನಸ್ಸು ಬಾರದು. ಊರಿನಿಂದ ದೂರವಿದ್ದ ಒಬ್ಬಾತನಿಗೆ ಅವನ ಹೆಂಡತಿಯು, ನೀವು ಸ್ನಾನಗೃಹಗಳಲ್ಲಿಯೂ ಸುಖಭೋಗಗಳಲ್ಲಿಯೂ ಮುಳುಗಿ ಮನೆಯ ಕಡೆ ತಿರುಗಿಯೂ ನೋಡುತ್ತಿಲ್ಲವೆಂದು ಆಕ್ಷೇಪಿಸಿ ಪತ್ರ ಬರೆದಿದ್ದಳು. ಆ ಪತ್ರದ ಸಂಗತಿ ಚಕ್ರವರ್ತಿಯ ಕಿವಿಗೆ ಮುಟ್ಟಿದ್ದಿತು. ಕೆಲವು ದಿನಗಳ ಮೇಲೆ ಆತನು ಬಂದು ಊರಿಗೆ ಹೋಗಲು ರಜೆ ಬೇಡಿದಾಗ, ಹೇಡ್ರಿಯನ್ನನು ಸ್ನಾನಗೃಹಗಳ ಮತ್ತು ಸುಖಭೋಗಗಳ ಮಾತೆತ್ತಿ ಅವನನ್ನು ಛೇಡಿಸಿದನು. ಪಾಪ, ಆ ಮನುಷ್ಯನಿಗೆ ಗೂಢಚಾರರ ನೆನಪೇ ಬರಲಿಲ್ಲ; ತನ್ನ ಹೆಂಡತಿ ಚಕ್ರವರ್ತಿಗಳಿಗೂ ಕಾಗದ ಬರೆದುಬಿಟ್ಟಳೇ ಎಂದು ಬೆರಗಾಗಿ ಕೇಳಿದನಂತೆ.